312 ಪುಟ ಬದಿಗಿಟ್ಟು ಮತ್ತೆ ಮೊದಲ ಪುಟಕ್ಕೆ: ಕಾದಂಬರಿಯ ಕರಡನ್ನು ಹೊಸದಾಗಿ ಬರೆಯುವ ಬಗೆ

ನನ್ನ ಕಾದಂಬರಿಯ ಮೊದಲ ಕರಡು 312 ಪುಟ ಇತ್ತು. ಬರೆಯಲು ನಾಲ್ಕು ವರ್ಷ ಹಿಡಿದಿತ್ತು. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡ ಒಂದು ಮನೆಯ ಕಥೆ ಅದು. ಆ ಕರಡನ್ನು ಕಟ್ಟಿ ಬೇರೆಯವರ ಮನೆಯಲ್ಲಿಟ್ಟು, ಅದನ್ನು ನೋಡದೆಯೇ ಮೊದಲಿನಿಂದ ಬರೆದೆ. ಎರಡನೆಯದು 14 ತಿಂಗಳಲ್ಲಿ ಮುಗಿದು 190 ಪುಟಕ್ಕೆ ನಿಂತಿತು. ಈಗ ಅದೇ ಜಾಗದಲ್ಲಿ ನಿಂತಿರುವವರಿಗೆ, ಅಂದರೆ ಕರಡು ಕೈಯಲ್ಲಿದ್ದೂ ಕಾದಂಬರಿ ಕೈಗೆ ಸಿಗದೆ ಒದ್ದಾಡುತ್ತಿರುವವರಿಗೆ, ನಾನು ಹಿಡಿದ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ತಿದ್ದುವುದೋ, ಮತ್ತೆ ಬರೆಯುವುದೋ

ಮೊದಲು ಇದು ಇತ್ಯರ್ಥವಾಗಬೇಕು. ಎಲ್ಲ ಕೆಟ್ಟ ಕರಡಿಗೂ ಮರುಬರವಣಿಗೆ ಬೇಕಿಲ್ಲ. ಮಾತು ಉದ್ದವಾಗಿದೆ, ವರ್ಣನೆ ಜಾಸ್ತಿಯಾಗಿದೆ, ಎರಡು ಅಧ್ಯಾಯ ಹಿಂದುಮುಂದಾಗಿವೆ, ಒಂದು ಪಾತ್ರ ನಡುವೆ ಮಾಯವಾಗಿದೆ: ಇವೆಲ್ಲ ತಿದ್ದಿದರೆ ಸರಿಹೋಗುವ ದೋಷಗಳು. ಇವಕ್ಕಾಗಿ ಕರಡನ್ನು ಕೈಬಿಡಬೇಡಿ. ಕಥೆ ಹೇಳುತ್ತಿರುವವರೇ ತಪ್ಪಾಗಿದ್ದರೆ, ಶುರುವಾದ ಕಾಲವೇ ತಪ್ಪಾಗಿದ್ದರೆ, ಅಥವಾ ನಿಮ್ಮನ್ನು ಕಾಡುತ್ತಿರುವುದು ಒಂದು, ಬರೆದಿರುವುದು ಇನ್ನೊಂದು ಆಗಿದ್ದರೆ ತಿದ್ದುಪಡಿ ನಡೆಯುವುದಿಲ್ಲ. ಗೋಡೆಗೆ ಎಷ್ಟು ಸಲ ಸುಣ್ಣ ಹೊಡೆದರೂ ಅಡಿಪಾಯ ಜರುಗುವುದಿಲ್ಲ.

ಯಾವುದೆಂದು ತಿಳಿಯಲು ಮೂರು ಪರೀಕ್ಷೆಗಳನ್ನು ಮಾಡಿ. ಮೂರೂ ಒಂದು ವಾರದೊಳಗೆ ಮುಗಿಯುತ್ತವೆ.

ಒಂದು ಹಾಳೆಯಲ್ಲಿ ಪ್ರತಿ ಅಧ್ಯಾಯಕ್ಕೆ ಒಂದೇ ಸಾಲು ಬರೆಯಿರಿ. ಎರಡು ಸಾಲುಗಳ ನಡುವೆ 'ಆಮೇಲೆ' ಎಂದು ಹಾಕಿ ಓದಿ, ಆಮೇಲೆ 'ಹಾಗಾಗಿ' ಎಂದು ಹಾಕಿ ಓದಿ. ನನ್ನ 27 ಅಧ್ಯಾಯಗಳಲ್ಲಿ 'ಹಾಗಾಗಿ' ಕೂತದ್ದು ನಾಲ್ಕೇ ಕಡೆ. ಉಳಿದೆಲ್ಲ ಕಡೆ ಒಂದರ ಹಿಂದೊಂದು ಘಟನೆ ಬರುತ್ತಿತ್ತೇ ಹೊರತು ಒಂದರಿಂದ ಇನ್ನೊಂದು ಹುಟ್ಟುತ್ತಿರಲಿಲ್ಲ.

ಎರಡನೆಯದು, ಪೆನ್ಸಿಲ್ ಹಿಡಿದು ಕರಡನ್ನು ಮುದ್ರಿತ ಪ್ರತಿಯಲ್ಲಿ ಓದಿ. ತಿದ್ದಬೇಡಿ. ಎಲ್ಲಿ ಕಣ್ಣು ತಾನಾಗಿ ಮುಂದಿನ ಪುಟಕ್ಕೆ ಓಡುತ್ತದೋ ಅಲ್ಲಿ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಬರೆದವರಿಗೇ ಓದಲು ಬೇಸರವಾಗುವ ಪುಟ ಓದುಗರ ಕೈಯಲ್ಲಿ ನಿಲ್ಲುವುದಿಲ್ಲ. ಗೆರೆ ಬಿದ್ದ ಪುಟಗಳು ಅಲ್ಲೊಂದು ಇಲ್ಲೊಂದಾದರೆ ಕತ್ತರಿಸಿದರೆ ಸಾಕು. ಅರ್ಧಕ್ಕಿಂತ ಹೆಚ್ಚಾದರೆ ಮುಂದಿನ ಪರೀಕ್ಷೆಗೆ ಹೋಗಿ.

ಮೂರನೆಯದೇ ಮುಖ್ಯ. ಕರಡನ್ನು ನೋಡದೆ, ಹತ್ತೇ ನಿಮಿಷದಲ್ಲಿ, ಕಥೆಯನ್ನು ಬಾಯಲ್ಲಿ ಹೇಳಿ. ಸಾಹಿತ್ಯದ ಗೆಳೆಯರಿಗೆ ಬೇಡ, ಅವರು ರಚನೆ, ಧ್ವನಿ ಎಂದು ಮಾತು ಶುರುಮಾಡುತ್ತಾರೆ. ಆ ಬದುಕನ್ನು ಕಂಡವರು ಯಾರಾದರೂ ಇದ್ದರೆ ಅವರಿಗೆ ಹೇಳಿ. ನಾನು ನನ್ನ ದೊಡ್ಡಮ್ಮನಿಗೆ ಹೇಳಿದೆ. ಮುಳುಗಡೆಯ ಹೊತ್ತಿಗೆ ಅವರಿಗೆ ಹನ್ನೆರಡು ವರ್ಷ. ಸರ್ವೆ, ನೋಟಿಸು, ಪರಿಹಾರ, ಸಭೆ, ಅಜ್ಜ ತಾಲ್ಲೂಕು ಕಚೇರಿಗೆ ಅಲೆದದ್ದು, ಕೊನೆಗೆ ಲಾರಿ ಬಂದದ್ದು, ಎಲ್ಲ ಹೇಳಿದೆ. ಅಡಿಕೆ ಸುಲಿಯುತ್ತಲೇ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಅದೆಲ್ಲ ಸರಿ ಮಾರಾಯ. ಹಂಡೆ ಎಂತ ಮಾಡಿದ್ರು?"

ಮಲೆನಾಡಿನ ಬಚ್ಚಲುಮನೆ ನೋಡಿದವರಿಗೆ ಈ ಪ್ರಶ್ನೆಯ ಭಾರ ಗೊತ್ತಾಗುತ್ತದೆ. ತಾಮ್ರದ ದೊಡ್ಡ ಹಂಡೆಯನ್ನು ಬಚ್ಚಲೊಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿರುತ್ತಾರೆ. ಅದನ್ನು ಕೀಳಬೇಕಾದರೆ ಒಲೆ ಒಡೆಯಬೇಕು. ಒಲೆ ಒಡೆದರೆ ಮತ್ತೆ ಆ ಮನೆಯಲ್ಲಿ ಸ್ನಾನಕ್ಕೆ ಬಿಸಿನೀರಿಲ್ಲ. ಅಂದರೆ, ಇನ್ನು ಇಲ್ಲಿ ಇರುವುದಿಲ್ಲ ಎಂದು ಮನೆಯವರು ತಮ್ಮ ಕೈಯಾರೆ ಒಪ್ಪಿಕೊಳ್ಳುವ ಗಳಿಗೆ ಅದು. ಆ ಗಳಿಗೆ ನನ್ನ 312 ಪುಟಗಳಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ನನ್ನ ಕಥೆಗಾರ ಅಜ್ಜನ ಜತೆ ಕಚೇರಿಗಳನ್ನು ಸುತ್ತುತ್ತಿದ್ದ, ಬಚ್ಚಲುಮನೆಯಲ್ಲಿ ಯಾರೂ ಇರಲಿಲ್ಲ.

ಕೇಳುವವರ ಪ್ರಶ್ನೆಗೆ ನಿಮ್ಮ ಕರಡಿನೊಳಗೇ ಉತ್ತರವಿದ್ದರೆ, ಅಥವಾ ಒಂದು ಪುಟ ಸೇರಿಸಿದರೆ ಉತ್ತರ ಸಿಗುವಂತಿದ್ದರೆ, ತಿದ್ದಿ. ಆ ಪ್ರಶ್ನೆ ನಿಮ್ಮ ಕಥೆಗಾರನಿಗೆ ಕೇಳಿಸುವುದೇ ಇಲ್ಲ ಎಂದಾದರೆ ಮತ್ತೆ ಬರೆಯಬೇಕು.

ಕಟ್ಟಿಡುವುದು

ತೀರ್ಮಾನ ಆದ ಮೇಲೆ ಹಳೆಯದನ್ನು ಅಳಿಸಬೇಡಿ, ಹರಿಯಬೇಡಿ, ಸುಡಬೇಡಿ. ಸಿಟ್ಟಿನಲ್ಲಿ ಅಳಿಸಿದವರು ಆರು ತಿಂಗಳ ನಂತರ ಒಂದು ಸಾಲಿಗಾಗಿ ಹಲುಬುತ್ತಾರೆ. ಆ ಹಲುಬುವಿಕೆಯಲ್ಲಿ ಹೊಸದೂ ನಿಲ್ಲುತ್ತದೆ.

ಒಂದು ಪ್ರತಿ ಮುದ್ರಿಸಿ, ದಾರ ಕಟ್ಟಿ, ಮೇಲೆ ತಾರೀಕು ಬರೆಯಿರಿ. ಆ ಕಟ್ಟನ್ನು ಸುಲಭಕ್ಕೆ ಕೈಗೆ ಸಿಗದ ಕಡೆ ಇಡಿ. ನಾನು ತಂಗಿಯ ಮನೆಯ ಟ್ರಂಕಿನಲ್ಲಿಟ್ಟೆ. ಬೇಕೆಂದರೆ ಬಸ್ ಹತ್ತಿ ಹೋಗಬೇಕು, ಅಷ್ಟು ದೂರ ಇದ್ದದ್ದು ಒಳ್ಳೆಯದೇ ಆಯಿತು. ಕಂಪ್ಯೂಟರಿನ ಕಡತವನ್ನು ಪೆನ್‌ಡ್ರೈವ್‌ಗೆ ಒಂದು, ನಿಮ್ಮದೇ ಇಮೇಲ್‌ಗೆ ಒಂದು ಹಾಕಿ, ಬರೆಯುವ ಯಂತ್ರದಿಂದ ತೆಗೆದುಬಿಡಿ.

ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದವರು ಒಂದು ಕೆಲಸ ಜಾಸ್ತಿ ಮಾಡಬೇಕು. ಕಟ್ಟಿಡುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ. ಮುಂದೊಂದು ದಿನ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ ಕಾಣುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಇರುವ ಪದಗಳ ಮೇಲೆ ಕಣ್ಣಾಡಿಸಿ. ತಪ್ಪಾಗುವುದು ಹೆಚ್ಚಾಗಿ ಅಲ್ಲೇ.

ಪ್ರಕಾಶಕರಿಗೋ ಪತ್ರಿಕೆಗೋ ಇಂಥ ತಿಂಗಳು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿ. ಮನೆಯವರು, ಗೆಳೆಯರು "ಕಾದಂಬರಿ ಎಲ್ಲಿಗೆ ಬಂತು?" ಎಂದು ಕೇಳಿಯೇ ಕೇಳುತ್ತಾರೆ. "ಬರೀತಾ ಇದೀನಿ" ಎಂಬ ಉತ್ತರ ಸಾಕು, ಅದು ಸುಳ್ಳೂ ಅಲ್ಲ.

ದೂರ ಇರುವ ದಿನಗಳು

ಎಷ್ಟು ದಿನ ಬಿಡಬೇಕು? ಹಳೆಯ ವಾಕ್ಯಗಳು ಬಾಯಿಪಾಠ ತಪ್ಪುವವರೆಗೆ. ನಾನು ದೀಪಾವಳಿಗೆ ಕಟ್ಟಿಟ್ಟು ಶಿವರಾತ್ರಿ ಕಳೆದ ಮೇಲೆ ಕೂತೆ. ಎರಡು ತಿಂಗಳಿಗಿಂತ ಕಡಿಮೆ ಮಾಡಬೇಡಿ ಎಂಬುದು ನನ್ನ ಸಲಹೆ. ಒಂದು ವರ್ಷ ದಾಟಿಸುವುದೂ ಬೇಡ, ಅಷ್ಟರಲ್ಲಿ ಕಥೆಯ ಕಾವೂ ಆರಿಹೋಗಬಹುದು.

ಈ ದಿನಗಳಲ್ಲಿ ಕಾದಂಬರಿ ಬರೆಯಬೇಡಿ, ಆದರೆ ಕೈ ಜಡವಾಗಲೂ ಬಿಡಬೇಡಿ. ಜೇಬಿನಲ್ಲೊಂದು ಸಣ್ಣ ಪುಸ್ತಕ ಇರಲಿ. ಕಂಡದ್ದು, ಕೇಳಿದ ಮಾತು, ಒಂದೆರಡು ಸಾಲು ಬರೆದಿಡಿ. ಸಾಧ್ಯವಿದ್ದರೆ ಕಥೆ ನಡೆಯುವ ಜಾಗಕ್ಕೆ ಹೋಗಿ ಸುಮ್ಮನೆ ಕೂತು ಬನ್ನಿ. ನಾನು ಸಾಗರದ ಕಡೆಯ ಹಿನ್ನೀರಿಗೆ ಹೋದೆ. ಅಲ್ಲಿ ಒಂದು ವಿಶೇಷವಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಬರೀ ಊರುಗಳಲ್ಲ, ಒಂದು ಅಣೆಕಟ್ಟೇ ಮುಳುಗಿದೆ. ಮಡೆನೂರಿನ ಹತ್ತಿರ 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಅದು. ಹದಿನಾರೇ ವರ್ಷ ಕೆಲಸ ಮಾಡಿ ನೀರಿನೊಳಗೆ ಹೋಯಿತು. ಹಿನ್ನೀರು ತೀರಾ ಇಳಿದ ಬೇಸಗೆಯಲ್ಲಿ ಅದರ ಗೋಡೆ ಮೇಲೆ ಕಾಣಿಸಿಕೊಳ್ಳುತ್ತದೆ. ಇಷ್ಟು ವರ್ಷ ನೀರಿನಲ್ಲಿದ್ದೂ ಕಲ್ಲಿನ ಕಟ್ಟಡ ಗಟ್ಟಿಯಾಗಿಯೇ ಇದೆ. ಅದನ್ನು ನೋಡಿದ ದಿನ ನನ್ನ ಹಳೆಯ ಕರಡಿನ ಮೇಲಿದ್ದ ಸಿಟ್ಟು ಹೋಯಿತು. ನಾಲ್ಕು ವರ್ಷ ಹಾಳಾಯಿತು ಎಂಬ ಸಂಕಟದಲ್ಲೇ ಕೂತಿದ್ದರೆ ನಾನು ಎರಡನೆಯದನ್ನು ಶುರುಮಾಡುತ್ತಿರಲಿಲ್ಲ.

ನೆನಪಿನ ಪಟ್ಟಿ

ಮತ್ತೆ ಕೂರುವ ದಿನ ಬಂತು. ಕಡತ ತೆರೆಯಬೇಡಿ. ಒಂದು ಬಿಳಿ ಹಾಳೆ ತೆಗೆದುಕೊಂಡು, ಹಳೆಯ ಕರಡಿನಿಂದ ಏನೇನು ನೆನಪಿದೆಯೋ ಅದನ್ನೆಲ್ಲ ಬರೆಯಿರಿ. ಅಧ್ಯಾಯದ ಕ್ರಮ ಬೇಡ, ಕಥಾಸಾರಾಂಶ ಬೇಡ. ಕಣ್ಣಿಗೆ ಕಟ್ಟಿದ ದೃಶ್ಯ, ಕಿವಿಯಲ್ಲಿ ಉಳಿದ ಮಾತು, ಒಂದು ವಸ್ತು, ಒಂದು ವಾಸನೆ. ಅರ್ಧ ಗಂಟೆ ಕೊಡಿ, ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಬುದ್ಧಿ ಸುಳ್ಳು ಸೇರಿಸಲು ಶುರುಮಾಡುತ್ತದೆ.

ನನ್ನ ಪಟ್ಟಿಯಲ್ಲಿ ಹನ್ನೊಂದು ಸಂಗತಿಗಳು ಬಂದವು. ಅಜ್ಜಿ ಬಾಳೆಕೊನೆ ಬಲಿಯುವ ಮುಂಚೆಯೇ ಕಡಿಸಿದ್ದು. ಕೊಟ್ಟಿಗೆಯ ಒಂದು ಹಸು ಲಾರಿ ಹತ್ತದೆ ಹಟ ಹಿಡಿದದ್ದು. ಚಿಕ್ಕಪ್ಪ ತನ್ನ ಹೆಸರನ್ನು ಮಾಡಿನ ಪಕಾಸಿಯ ಮೇಲೆ ಇದ್ದಿಲಿನಲ್ಲಿ ಬರೆದದ್ದು. ಹೀಗೆ. ಹನ್ನೊಂದರಲ್ಲಿ ಒಂಬತ್ತು ಮನೆಯೊಳಗೋ ಅಂಗಳದಲ್ಲೋ ನಡೆದವು. ಕಚೇರಿ, ಕಡತ, ನೋಟಿಸಿಗೆಂದು ನಾನು ಸುಮಾರು 80 ಪುಟ ಕೊಟ್ಟಿದ್ದೆ. ಅವುಗಳಿಂದ ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ. ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ ಎಂದು ಆರು ಕಡೆ ಬರೆದಿದ್ದೆ. ಆ ಮನೆಯ ಮೆಟ್ಟಿಲಿಗೆ ನೀರು ತಾಗಿದ ದಿನ ಯಾವುದು ಎಂದು ಒಂದು ಕಡೆಯೂ ಬರೆದಿರಲಿಲ್ಲ.

ಈ ಪಟ್ಟಿಯೇ ಹೊಸ ಕಾದಂಬರಿಯ ಬಂಡವಾಳ. ಪ್ರತಿಯೊಂದರ ಎದುರು ಎರಡು ವಿಷಯ ಗುರುತು ಹಾಕಿ: ಎಲ್ಲಿ ನಡೆಯಿತು, ಯಾರು ಕಂಡರು. ಒಂದೇ ಜಾಗ, ಒಬ್ಬರೇ ವ್ಯಕ್ತಿ ಮತ್ತೆ ಮತ್ತೆ ಬಂದರೆ ನಿಮ್ಮ ಕಥೆ ಎಲ್ಲಿದೆ, ಯಾರದು ಎಂದು ತಿಳಿಯಿತು. ನನ್ನ ಪಟ್ಟಿಯಲ್ಲಿ ಪದೇ ಪದೇ ಬಂದದ್ದು ಮೊದಲ ಕರಡಿನಲ್ಲಿ ಮೂರೇ ಸಲ ಮಾತಾಡಿದ್ದ ಹುಡುಗಿ.

ಯಾರು ಹೇಳಬೇಕು, ಎಲ್ಲಿಂದ ಶುರು

ಇಲ್ಲಿ ಅಮೆರಿಕದ ಕಾದಂಬರಿಕಾರ್ತಿ ಹಾರ್ಪರ್ ಲೀ ಅವರ ವಿಷಯ ಹೇಳಲೇಬೇಕು. ಅವರು 1957ರಲ್ಲಿ ಲಿಪಿನ್‌ಕಾಟ್ ಪ್ರಕಾಶನಕ್ಕೆ ಕೊಟ್ಟ ಕಾದಂಬರಿಯಲ್ಲಿ ನಾಯಕಿಗೆ 26 ವರ್ಷ. ನ್ಯೂಯಾರ್ಕಿನಿಂದ ತನ್ನ ಊರಿಗೆ ಬಂದು ತಂದೆಯನ್ನು ಹೊಸ ಕಣ್ಣಿನಿಂದ ನೋಡುತ್ತಾಳೆ. ಸಂಪಾದಕಿ ಟೇ ಹೊಹಾಫ್ ಆ ಹಸ್ತಪ್ರತಿಯನ್ನು ಹಾಗೇ ಅಚ್ಚಿಗೆ ಕಳಿಸಲಿಲ್ಲ. ಲೀ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂತು, ನಾಯಕಿಯ ಬಾಲ್ಯಕ್ಕೆ ಹೋಗಿ, ಮಗುವಿನ ಕಣ್ಣಿನಿಂದ ಮತ್ತೆ ಬರೆದರು. ಅದು 1960ರಲ್ಲಿ ಬಂದ 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಪಕ್ಕಕ್ಕಿಟ್ಟಿದ್ದ ಹಸ್ತಪ್ರತಿ 'ಗೋ ಸೆಟ್ ಎ ವಾಚ್‌ಮನ್' ಎಂಬ ಹೆಸರಿನಲ್ಲಿ 2015ರಲ್ಲಿ ಹೊರಬಂತು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಅದೇ ಊರು, ಅದೇ ಅಪ್ಪ ಮಗಳು. ಯಾವ ವಯಸ್ಸಿನಲ್ಲಿ ನಿಂತು ನೋಡುತ್ತಾಳೆ ಎಂಬುದು ಬದಲಾದೊಡನೆ ಇಡೀ ಪುಸ್ತಕ ಬೇರೆಯಾಗುತ್ತದೆ. ಮರುಬರವಣಿಗೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕಥೆಗಾರರನ್ನು ಆರಿಸುವಾಗ ಯಾರಿಗೆ ಎಲ್ಲ ಗೊತ್ತು ಎಂದು ನೋಡಬೇಡಿ. ಕಳೆದುಕೊಳ್ಳಲು ಯಾರಿಗೆ ಹೆಚ್ಚು ಇದೆ, ಆದರೆ ತಡೆಯುವ ಶಕ್ತಿ ಇಲ್ಲ ಎಂದು ನೋಡಿ. ಆಮೇಲೆ ಶುರುವಿನ ಗಳಿಗೆ. ನಮ್ಮಲ್ಲಿ ಹೆಚ್ಚಿನವರ ಮೊದಲ ಕರಡು ಮೂವತ್ತು ನಲವತ್ತು ಪುಟ ಊರು, ಮನೆತನ, ಇತಿಹಾಸ ಹೇಳಿದ ಮೇಲೆ ಶುರುವಾಗುತ್ತದೆ. ಆ ಪುಟಗಳು ಬರೆಯುವವರಿಗೆ ಬೇಕಿದ್ದವು, ಓದುವವರಿಗೆ ಬೇಕಿಲ್ಲ.

ನನ್ನ ಹಳೆಯ ಕರಡಿನ ಮೊದಲ ವಾಕ್ಯ ಹೀಗಿತ್ತು: "ಶತಮಾನಗಳಿಂದ ಶರಾವತಿಯ ದಡದಲ್ಲಿ ನೆಮ್ಮದಿಯಾಗಿ ಬದುಕಿದ್ದ ಆ ಹಳ್ಳಿಯ ಜನರಿಗೆ ಅಣೆಕಟ್ಟಿನ ಸುದ್ದಿ ಬರಸಿಡಿಲಿನಂತೆ ಬಂದೆರಗಿತು."

ಹೊಸದರ ಮೊದಲ ವಾಕ್ಯ: "ನಾಳೆ ಹಂಡೆ ಕೀಳುತ್ತಾರೆ ಎಂದು ಗೊತ್ತಿದ್ದೂ ಅಜ್ಜಿ ಅವತ್ತು ಸಂಜೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು."

ಮೊದಲನೆಯದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಅದನ್ನು ಯಾವ ಮುಳುಗಡೆಯ ಬಗ್ಗೆಯಾದರೂ, ಯಾರಾದರೂ ಬರೆಯಬಹುದು. ಎರಡನೆಯದನ್ನು ಬಚ್ಚಲುಮನೆಯ ಬಾಗಿಲಲ್ಲಿ ನಿಂತ ಹುಡುಗಿ ಮಾತ್ರ ಹೇಳಬಲ್ಲಳು. ನಿಮ್ಮ ಮೊದಲ ವಾಕ್ಯವನ್ನೂ ಹೀಗೇ ತೂಗಿ ನೋಡಿ.

ಹೊಸ ಕಡತ

ಹೊಸ ಕಡತಕ್ಕೆ ಹೊಸ ಹೆಸರು ಕೊಡಿ. 'ಕಾದಂಬರಿ 2' ಎಂದು ಇಟ್ಟರೆ ಒಂದು ಯಾವಾಗಲೂ ಹಿಂದೆ ನಿಂತಿರುತ್ತದೆ. ನಾನು 'ಹಂಡೆ' ಎಂದಿಟ್ಟೆ.

ಒಂದನೇ ಅಧ್ಯಾಯದಿಂದಲೇ ಶುರುಮಾಡಬೇಕೆಂದಿಲ್ಲ. ನೆನಪಿನ ಪಟ್ಟಿಯಲ್ಲಿ ಯಾವುದನ್ನು ಬರೆಯಲು ಕೈ ಕಡಿಯುತ್ತಿದೆಯೋ ಅದನ್ನು ಮೊದಲು ಬರೆಯಿರಿ. ದಿನಕ್ಕೆ 400 ಪದ ಸಾಕು. ಕನ್ನಡದ ಪದ ಉದ್ದ, ಇಂಗ್ಲಿಷಿನವರು ಹೇಳುವ ದಿನಕ್ಕೆ ಸಾವಿರದ ಲೆಕ್ಕಕ್ಕೆ ನಮ್ಮನ್ನು ಹೋಲಿಸಿಕೊಂಡು ಕುಗ್ಗಬೇಕಿಲ್ಲ. ಇಂಗ್ಲಿಷಿನಲ್ಲಿ ಐದಾರು ಪದ ಬೇಕಾದದ್ದನ್ನು 'ಹೋಗಲಾರದವಳಂತೆ' ಎಂಬ ಒಂದು ಪದ ಹೇಳುತ್ತದೆ. ಎಷ್ಟೋ ದಿನ 400 ಆಗುವುದಿಲ್ಲ. ಮರುದಿನ ಸಾಲ ತೀರಿಸಲು ಹೋಗಬೇಡಿ, ಆ ದಿನದ್ದು ಆ ದಿನಕ್ಕೆ.

ಹಳೆಯದರಿಂದ ಒಂದು ವಾಕ್ಯವನ್ನೂ ನಕಲು ಮಾಡಬೇಡಿ. ಇದು ಕಷ್ಟದ ನಿಯಮ, ಆದರೆ ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದು ಪ್ಯಾರಾ ತಂದು ಅಂಟಿಸಿದರೆ ಅದರ ಹಿಂದೆಯೇ ಹಳೆಯ ಕಥೆಗಾರ ಬರುತ್ತಾನೆ, ಅವನ ದನಿ ಬರುತ್ತದೆ, ಹತ್ತು ಪುಟದೊಳಗೆ ನೀವು ಹಳೆಯ ಕರಡಿಗೇ ತೇಪೆ ಹಾಕುತ್ತಿರುತ್ತೀರಿ. ನೆನಪಿನಿಂದ ಬರೆಯುವುದು ಆಗುವ ಕೆಲಸವೇ. 1835ರಲ್ಲಿ ಸ್ಕಾಟ್ಲೆಂಡಿನ ಲೇಖಕ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಕುರಿತ ತನ್ನ ಗ್ರಂಥದ ಮೊದಲ ಸಂಪುಟದ ಹಸ್ತಪ್ರತಿಯನ್ನು ಗೆಳೆಯ ಜಾನ್ ಸ್ಟುವರ್ಟ್ ಮಿಲ್‌ಗೆ ಓದಲು ಕೊಟ್ಟಿದ್ದ. ಅದು ರದ್ದಿ ಕಾಗದವೆಂದು ಬೆಂಕಿಗೆ ಹೋಯಿತು. ಬೇರೆ ಪ್ರತಿ ಇರಲಿಲ್ಲ. ಅವನು ಆ ಸಂಪುಟವನ್ನು ಮತ್ತೆ ಬರೆದ, 1837ರಲ್ಲಿ ಗ್ರಂಥ ಪ್ರಕಟವಾಯಿತು. ಇತಿಹಾಸ ಗ್ರಂಥವನ್ನೇ ಹಾಗೆ ಬರೆಯಲು ಆಗಿದ್ದರೆ, ನಿಮ್ಮೊಳಗೇ ಹುಟ್ಟಿದ ಕಾದಂಬರಿಯನ್ನು ಬರೆಯಲು ಏಕಾಗದು?

ಸಂಭಾಷಣೆ ಬರೆಯುವಾಗ ಒಂದು ಉಪಾಯ. ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್ ಹಾಕಿ, ಎದ್ದು ಓಡಾಡುತ್ತ ಎರಡೂ ಕಡೆಯ ಮಾತನ್ನು ನೀವೇ ಆಡಿ. ಬೆರಳು ಗ್ರಾಂಥಿಕ ಬರೆಯುತ್ತದೆ, ಬಾಯಿ ಬರೆಯುವುದಿಲ್ಲ. ಯಂತ್ರ ನಿಮ್ಮ ಊರಿನ ಮಾತನ್ನು ಎಷ್ಟೋ ಕಡೆ ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತದೆ. 'ಎಂತ' ಅಂದರೆ 'ಎಂಥ' ಆಗಬಹುದು. ಅವತ್ತೇ ಸರಿಮಾಡಿ, ಮರುದಿನಕ್ಕೆ ನೀವು ಹೇಗೆ ಅಂದಿದ್ದಿರಿ ಎಂಬುದು ಮರೆಯುತ್ತದೆ.

ನಲವತ್ತನೇ ಪುಟದ ಸುಮಾರಿಗೆ ಒಂದು ಕೆಟ್ಟ ವಾರ ಬರುತ್ತದೆ. ಹೊಸತನದ ಹುಮ್ಮಸ್ಸು ಇಳಿದಿರುತ್ತದೆ, ಹಳೆಯದೇ ಚೆನ್ನಾಗಿತ್ತು ಎನ್ನಿಸುತ್ತದೆ. ನಾನು ಆ ವಾರ ತಂಗಿಯ ಊರಿನ ಬಸ್ಸಿನ ಸಮಯವನ್ನೂ ಕೇಳಿದ್ದೆ. ಹೋಗಬೇಡಿ. ಆ ವಾರ ಮುಂದಕ್ಕೆ ಬರೆಯಲಾಗದಿದ್ದರೆ, ಬರೆದ ನಲವತ್ತು ಪುಟವನ್ನು ಕೈಬರಹದಲ್ಲಿ ಪ್ರತಿ ಮಾಡಿ. ನಿಧಾನದ ಕೆಲಸ, ಆದರೆ ಎಲ್ಲಿ ದನಿ ನಿಜವಾಗಿದೆ, ಎಲ್ಲಿ ಜಾರಿದೆ ಎಂದು ಕೈಗೆ ಗೊತ್ತಾಗುತ್ತದೆ. ನಾಲ್ಕೈದು ದಿನದಲ್ಲಿ ಪ್ರತಿ ಮಾಡುತ್ತಿದ್ದ ಕೈ ತಾನಾಗಿಯೇ ಮುಂದಿನ ಸಾಲಿಗೆ ಹೋಗುತ್ತದೆ.

ಹಳೆಯದನ್ನು ತೆರೆಯುವ ದಿನ

ಹೊಸ ಕರಡಿನ ಕೊನೆಯ ಪುಟ ಬರೆದಾದ ಮೇಲೆಯೇ ಹಳೆಯ ಕಟ್ಟು ಬಿಚ್ಚಿ. ಈಗ ಅದು ಇನ್ಯಾರೋ ಬರೆದದ್ದರ ಹಾಗೆ ಕಾಣುತ್ತದೆ, ಅದೇ ಬೇಕಾದದ್ದು. ಪೆನ್ಸಿಲ್ ಹಿಡಿದು ಓದಿ, ಹೊಸ ಪುಸ್ತಕ ತಾನಾಗಿ ಕೇಳುತ್ತಿರುವುದನ್ನು ಮಾತ್ರ ತೆಗೆದುಕೊಳ್ಳಿ. 312ರಲ್ಲಿ ನಾನು ತೆಗೆದುಕೊಂಡದ್ದು ಆರೇಳು ಪುಟದಷ್ಟು, ಅದನ್ನೂ ಹುಡುಗಿಯ ಮಾತಿಗೆ ತಿರುಗಿಸಿ ಬರೆದೆ. ಕಚೇರಿಯ ಆ 80 ಪುಟಗಳಿಂದ ಉಳಿದದ್ದು ಒಂದೇ ದೃಶ್ಯ: ಅಜ್ಜ ನೋಟಿಸನ್ನು ಮಡಚಿ ಸಂಚಿಯೊಳಗೆ ಎಲೆ ಅಡಿಕೆಯ ಜತೆ ಇಟ್ಟುಕೊಳ್ಳುವುದು, ಎಲೆ ತೆಗೆಯುವಾಗೆಲ್ಲ ಅದು ಕೈಗೆ ಸಿಗುವುದು, ಸುಣ್ಣ ತಾಗಿ ಅದರ ಮೂಲೆ ಬಿಳಿಯಾಗುವುದು. ಹಾಗೆ ನೋಡಿದರೆ ಆ ಎಂಬತ್ತು ಪುಟ ಬರೆದಿರದಿದ್ದರೆ ಈ ನೋಟಿಸು ನನಗೆ ಸಿಗುತ್ತಿರಲಿಲ್ಲ.

ಉಳಿದ ಪುಟಗಳನ್ನು ಮತ್ತೆ ಕಟ್ಟಿ, ಹೊಸದರ ಒಂದು ಪ್ರತಿಯ ಜತೆ ಒಂದೇ ಕಡೆ ಇಡಿ. ಅವು ಒಂದೇ ಕೆಲಸದ ಎರಡು ಭಾಗ.

ಆಮೇಲೆ ಮೂರನೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಅದೇ ವ್ಯಕ್ತಿಯ ಮುಂದೆ. ನಾನು ದೊಡ್ಡಮ್ಮನಿಗೆ ಹಂಡೆ ಕೀಳುವ ಅಧ್ಯಾಯವನ್ನು ಓದಿಯೇ ಹೇಳಿದೆ. ಈ ಸಲ ಅಡಿಕೆ ಸುಲಿಯುವುದು ನಡುವೆ ನಿಂತಿತು. ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಒಡೆದ ಒಲೆ ಮಣ್ಣು? ಅದನ್ನ ಅಮ್ಮ ತೋಟಕ್ಕೆ ಹಾಕಿದ್ಲು. ಮುಳುಗ್ತದೆ ಅಂತ ಗೊತ್ತಿದ್ರೂ ಹಾಕಿದ್ಲು. ಅದನ್ನ ಬರ್ದಿಲ್ವಾ?"

ಬರೆದಿರಲಿಲ್ಲ. ಆದರೆ ಈ ಪ್ರಶ್ನೆ ಹುಡುಗಿಗೆ ಕೇಳಿಸುವಂಥದು. ಎರಡನೇ ಅಧ್ಯಾಯದ ಕೊನೆಗೆ ಅರ್ಧ ಪುಟ ಸೇರಿಸಿದರೆ ಆಯಿತು. ಅಲ್ಲೇ ಜಗಲಿಯಲ್ಲಿ ಕೂತು ಅದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡೆ.